ದುಡ್ಡು ತೆಗೆದುಕೊಂಡು ಟಿಕೆಟ್ ಕೊಡದವರಿಗೆ

ವಿಡಿಯೋ ಗೇಮ್ ಮಾರುವ ಆನ್‌ಲೈನ್ ಅಂಗಡಿಯ ಪಾವತಿ ದೂರು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ನನ್ನಿಂದ ಒಂದು ಆಟಕ್ಕೆ ಎರಡು ಸಲ ದುಡ್ಡು ತೆಗೆದುಕೊಂಡಿದ್ದೀರಿ, ಆಟ ಕೊಟ್ಟಿಲ್ಲ. ಅದು ಸಾಲದೆಂದು ಖಾತೆಗೆ ಬೀಗ ಜಡಿದು, ಇಲ್ಲಿ ಅನುಮಾನಾಸ್ಪದ ಚಟುವಟಿಕೆ ನಡೆದಿದೆ ಎಂದು ಬರೆದು ಕಳಿಸಿದ್ದೀರಿ. ನಾನು ನಿವೃತ್ತಿಯಾಗುವವರೆಗೂ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಅನುಮಾನಾಸ್ಪದ ಜನರನ್ನು ಫುಟ್‌ಬೋರ್ಡಿನ ಮೇಲೆ ಕಾಲಿಡುವಾಗಲೇ ಗುರುತಿಸಿ ಅನ್ನ ತಿಂದವಳು. ನಿಮ್ಮ ಮುಖವನ್ನು ನಾನು ನೋಡಿಲ್ಲ, ಆದರೂ ಗುರುತು ಸಿಕ್ಕಿದೆ.

ಇದನ್ನು ಊರಿಗೆಲ್ಲ ಕೇಳುವ ಹಾಗೆ ಯಾಕೆ ಬರೆಯಬೇಕು, ನಮಗೆ ಮಾತ್ರ ಬರೆಯಬಹುದಿತ್ತಲ್ಲ ಎನ್ನುವಿರಿ. ಬರೆದೆ. ಪ್ರತಿ ಸಲವೂ ಒಂದೇ ಉತ್ತರ ಬಂತು: ‘ನಿಮ್ಮ ತಾಳ್ಮೆಗೆ ಧನ್ಯವಾದಗಳು.’ ನನಗೆ ತಾಳ್ಮೆಯಿದೆ ಎಂದು ನಿಮಗೆ ಹೇಳಿದವರು ಯಾರು? ನನ್ನ ಬಸ್ಸಿನಲ್ಲಿ ಓಡಾಡಿದ ಒಬ್ಬರನ್ನಾದರೂ ಕೇಳಿ ನೋಡಬೇಕಿತ್ತು. ನಾನು ಕೊಡದ ವಸ್ತುವಿಗೆ ಧನ್ಯವಾದ ಹೇಳುವ ನೀವು, ಕೊಟ್ಟ ವಸ್ತುವಿನ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ.

ಆಟ ಬೇಕಾಗಿದ್ದು ನನಗಲ್ಲ, ನಮ್ಮ ಯಜಮಾನರಿಗೆ. ಅವರು ನನ್ನದೇ ಬಸ್ಸಿನ ಡ್ರೈವರ್ ಆಗಿದ್ದವರು. ಮದುವೆಗೆ ಮೊದಲೂ ನನ್ನ ಬೆಲ್ ಕೇಳಿಯೇ ಬಸ್ಸು ಬಿಡುತ್ತಿದ್ದರು, ಆದ ಮೇಲೂ ಅಷ್ಟೇ. ಒಂದು ಬೆಲ್ ಎಂದರೆ ನಿಲ್ಲಿಸಬೇಕು, ಎರಡು ಎಂದರೆ ಹೊರಡಬೇಕು. ಮೂರು ಬೆಲ್ ಎನ್ನುವುದು ಇಲಾಖೆಯ ನಿಯಮದಲ್ಲಿಲ್ಲ, ಅದು ನಮ್ಮಿಬ್ಬರ ನಡುವಿನ ಒಪ್ಪಂದ. ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ, ನಿಮ್ಮ ಉಪಯೋಗಕ್ಕೆ ಬರುತ್ತದೆ. ಹಿಂದಿನ ಗಾಡಿಗಳು ಎಷ್ಟೇ ಹಾರನ್ ಹೊಡೆದುಕೊಳ್ಳಲಿ, ಪ್ಯಾಸೆಂಜರ್‌ಗಳು ಎಷ್ಟೇ ಗೊಣಗಲಿ, ನನ್ನ ಬೆಲ್ ಕೇಳದೆ ಅವರ ಬಸ್ಸಿನ ಚಕ್ರ ಉರುಳಿದ್ದಿಲ್ಲ. ಈಗಲೂ ತರಕಾರಿ ತರಲು ಹೊರಟರೂ ನಾನು ಬಾಗಿಲಲ್ಲಿ ನಿಂತು ‘ರೈಟ್’ ಅನ್ನಬೇಕು. ಅನ್ನದಿದ್ದರೆ ಚೀಲ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತಿರುತ್ತಾರೆ. ಅಥವಾ ನಿಂತಿರುತ್ತಿದ್ದರು.

ಯಾಕೆಂದರೆ ಹೋದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಕಾಲು ಸುಧಾರಿಸಿತು, ಎಡಗೈ ಸುಧಾರಿಸಲಿಲ್ಲ. ಫಿಸಿಯೋಥೆರಪಿ ಮಾಡಿಸುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಸುಕಿ, ಈ ಕೆಲವು ತಿಂಗಳಲ್ಲೇ ಕೈ ಮತ್ತೆ ಕಲಿಯಬೇಕು, ಆಮೇಲೆ ಕಷ್ಟ ಎಂದಳು. ನಮ್ಮವರು ಆ ಚೆಂಡನ್ನು ಬಲಗೈಯಲ್ಲಿ ಎತ್ತಿ ಕಿಟಕಿಯಿಂದ ಹೊರಗೆಸೆದರು. ಕೆಳಗಿನ ಮನೆಯವರು ತಂದುಕೊಟ್ಟರು. ಮತ್ತೆ ಎಸೆದರು. ಕೆಳಗಿನ ಮನೆಯವರು ತರುವುದನ್ನು ನಿಲ್ಲಿಸಿದರು.

ಆಗ ಮಗಳು ಒಂದು ಉಪಾಯ ಮಾಡಿದಳು. ಅವಳದು ಲಿಫ್ಟ್ ರಿಪೇರಿ ಕೆಲಸ, ನಿಂತುಹೋದದ್ದನ್ನು ಓಡಿಸುವುದರಲ್ಲಿ ಪಳಗಿದವಳು. ಮೇಜಿಗೆ ಬಿಗಿಯುವ ಒಂದು ಪ್ಲಾಸ್ಟಿಕ್ ಸ್ಟೀರಿಂಗ್ ತಂದು, ಕಂಪ್ಯೂಟರಿಗೆ ಜೋಡಿಸಿ, ನಿಮ್ಮ ಅಂಗಡಿಯಿಂದ ಬಸ್ಸು ಓಡಿಸುವ ಆಟದ ಉಚಿತ ತುಣುಕನ್ನು ಹಾಕಿಕೊಟ್ಟಳು. ಮೊದಲು ಮೂಗು ಮುರಿದರು. ಕನ್ನಡಿ ಸರಿಯಿಲ್ಲ ಎಂದರು, ಸಿಗ್ನಲ್ ತಪ್ಪು ಎಂದರು. ಆಮೇಲೆ ಬಲಗೈಯಿಂದ ಎಡಗೈಯನ್ನೆತ್ತಿ ಸ್ಟೀರಿಂಗ್ ಮೇಲಿಟ್ಟುಕೊಂಡರು. ನಾನು ಕುರ್ಚಿಯ ಹಿಂದೆ ನಿಂತು ಚಮಚದಿಂದ ಲೋಟಕ್ಕೆ ಎರಡು ಸಲ ಬಡಿಯಬೇಕು, ಆಗ ಬಸ್ಸು ಹೊರಡುತ್ತಿತ್ತು. ಕೆಲವೇ ವಾರಗಳಲ್ಲಿ ಆ ಬೆರಳುಗಳು ತಾವಾಗಿಯೇ ಸ್ಟೀರಿಂಗ್ ಹಿಡಿಯತೊಡಗಿದವು. ಫಿಸಿಯೋಥೆರಪಿಯ ಹುಡುಗಿ ನೋಡಿ, ಚೆಂಡು ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಎಂದಳು. ನಾವಿಬ್ಬರೂ ಹೌದೆಂದು ತಲೆಯಾಡಿಸಿದೆವು.

ಆದರೆ ನಿಮ್ಮ ಉಚಿತ ತುಣುಕು ಮೂರನೆಯ ಸ್ಟಾಪಿನಲ್ಲಿ ಮುಗಿಯುತ್ತದೆ. ಜನ ಹತ್ತುತ್ತಾರೆ, ಕೂರುತ್ತಾರೆ, ಬಾಗಿಲು ಮುಚ್ಚುತ್ತದೆ, ಮುಂದೆ ಹೋಗಬೇಕಾದರೆ ಆಟ ಕೊಳ್ಳಿ ಎಂಬ ಬೋರ್ಡು ಬರುತ್ತದೆ. ಯಾರು ಯೋಚಿಸಿದರೋ ಇದನ್ನು, ಅವರ ಹೊಟ್ಟೆ ತಣ್ಣಗಿರಲಿ! ಊಟಕ್ಕೆ ಕರೆದರೆ ನಮ್ಮವರು ಏಳುತ್ತಿರಲಿಲ್ಲ.

“ಪ್ಯಾಸೆಂಜರ್ ಕೂತಿದ್ದಾರೆ ಕಣೇ” ಎಂದರು. “ಅರ್ಧ ದಾರೀಲಿ ಬಿಟ್ಟು ಏಳೋದು ಹೇಗೆ?”

ನಗಬೇಡಿ. ನಾನೂ ಮೊದಲು ನಕ್ಕೆ. ಆಮೇಲೆ ನೋಡಿದರೆ, ಬಾಗಿಲ ಪಕ್ಕದ ಸೀಟಿನಲ್ಲಿ ಕೊಡೆ ಹಿಡಿದ ಒಬ್ಬ ಮುದುಕ, ಹಿಂದೆ ಎರಡು ಚೀಲದ ಹೆಂಗಸು, ಎಲ್ಲರೂ ಸುಮ್ಮನೆ ಮುಂದಕ್ಕೆ ನೋಡುತ್ತಾ ಕೂತಿದ್ದರು. ಅಂದೇ ಆಟ ಕೊಂಡುಬಿಡೋಣ ಎಂದೆ.

ದುಡ್ಡು ಹೋದ ಸಂದೇಶ ಬ್ಯಾಂಕಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ನಿಮ್ಮ ಪರದೆಯ ಮೇಲೆ ಮಾತ್ರ ಒಂದು ಚಕ್ರ ತಿರುಗುತ್ತಿತ್ತು, ಅದರ ಕೆಳಗೆ ಅಪ್ಪಣೆ: ‘ಪಾವತಿ ಪರಿಶೀಲನೆಯಲ್ಲಿದೆ. ಈ ಪುಟವನ್ನು ಮುಚ್ಚಬೇಡಿ, ಹಿಂದಕ್ಕೆ ಹೋಗಬೇಡಿ.’ ಬೇರೆಯವರಾಗಿದ್ದರೆ ಬೈದು ಮುಚ್ಚುತ್ತಿದ್ದರು. ನೀವು ಹೇಳಿದ್ದು ಬೆಲ್ ಆಗದೆ ಬಸ್ಸು ಬಿಡದ ಮನುಷ್ಯನಿಗೆ. ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಕಾದರು. ವೈರು ಅಲುಗೀತು ಎಂದು ಆ ಕೋಣೆಯ ಕಸ ಗುಡಿಸಲು ನನ್ನನ್ನು ಬಿಡಲಿಲ್ಲ. ಮಗಳು ಫೋನು ಮಾಡಿ, ಆರಿಸಿ ಮತ್ತೆ ಹಾಕಿ ಎಂದರೆ, ಮುಚ್ಚಬಾರದು ಅಂತ ಬರೆದಿದ್ದಾರಲ್ಲಮ್ಮ, ಬರೆದವರಿಗೆ ಗೊತ್ತಿರುತ್ತೆ ಎಂದರು. ನಿಮ್ಮ ಮಾತಿಗೆ ಇಷ್ಟು ಬೆಲೆ ಕೊಟ್ಟ ಇನ್ನೊಬ್ಬ ಗಿರಾಕಿ ಇದ್ದರೆ ತೋರಿಸಿ.

ಮರುದಿನ ಚಕ್ರ ನಿಂತು ಒಂದು ಹಸಿರು ಗುಂಡಿ ಮೂಡಿತು: ‘ಮುಂದುವರಿಯಿರಿ’. ಅವರು ನನ್ನ ಕಡೆ ತಿರುಗಿ, “ಇನ್ನು ನಿಂದು, ಹೊಡಿ” ಎಂದರು. ನಾನು ಹೊಡೆದೆ. ಹೊರಡಬೇಕಾದರೆ ಹೇಗೆ ಹೊಡೆಯಬೇಕೋ ಹಾಗೆ ಹೊಡೆದೆ, ಎರಡು ಸಲ. ಜೀವಮಾನವೆಲ್ಲ ಎರಡು ಹೊಡೆದ ಬೆರಳು ಒಂದಕ್ಕೆ ನಿಲ್ಲುತ್ತದೆಯೇ? ಒಂದು ಸಲ ಹೊಡೆದರೆ ನಿಲ್ಲಿಸು ಎಂದರ್ಥ! ನಿಮ್ಮ ಲೋಕದಲ್ಲಿ ಮೊದಲ ಒತ್ತಿಗೆ ಇನ್ನೊಂದು ಸಲ ದುಡ್ಡು ಹೋಯಿತು, ಎರಡನೆಯದಕ್ಕೆ ಖಾತೆಗೆ ಬೀಗ ಬಿತ್ತು. ನಿಮ್ಮ ‘ಅನುಮಾನಾಸ್ಪದ ಚಟುವಟಿಕೆ’ ಎಂದರೆ ಇಷ್ಟೇ, ಒಬ್ಬ ಕಂಡಕ್ಟರಿನ ಡಬಲ್ ಬೆಲ್. ಅದಕ್ಕೆ ನಾನು ಕ್ಷಮೆ ಕೇಳುವವಳಲ್ಲ.

ಆಮೇಲೆ ಶುರುವಾಯಿತು ನಿಮ್ಮ ನಿಜವಾದ ಆಟ. ಬ್ಯಾಂಕಿಗೆ ಹೋದರೆ, ದುಡ್ಡು ಇಲ್ಲಿಂದ ಹೋಗಿದೆ, ಅಂಗಡಿಯವರನ್ನು ಕೇಳಿ ಎಂದರು. ನಿಮ್ಮವರನ್ನು ಕೇಳಿದರೆ, ನಮಗೆ ಬಂದೇ ಇಲ್ಲ, ಬ್ಯಾಂಕನ್ನು ಕೇಳಿ ಎಂದರು. ಹಾಗಾದರೆ ಎಲ್ಲಿದೆ? ನಡುದಾರಿಯಲ್ಲಿ ಇಳಿದು ಚಹಾ ಕುಡಿಯುತ್ತಿದೆಯೇ? ದುಡ್ಡು ಬಂದೇ ಇಲ್ಲವೆಂದರೆ ಬೀಗ ಯಾತಕ್ಕೆ? ಬೀಗ ಹಾಕುವಷ್ಟು ಖಚಿತವಾಗಿ ಬಂದಿದೆಯೆಂದರೆ ಆಟ ಎಲ್ಲಿ? ಕೊನೆಗೊಮ್ಮೆ ನಿಮ್ಮ ಕಡೆಯಿಂದ ಜೀವವಿರುವ ಒಂದು ದನಿ ಸಿಕ್ಕಿತು, ದಣಿದ ಹೆಂಗಸಿನ ದನಿ. ನಿಮ್ಮ ಮೇಲಿನವರಿಗೆ ಕೊಡಮ್ಮ ಎಂದೆ.

“ಅವರು ನಮಗೂ ಕಾಣೋದಿಲ್ಲಮ್ಮ” ಎಂದಳು.

ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟನ್ನು ಚೂರೂ ಚೆಲ್ಲದ ಹಾಗೆ ನಿಮಗಾಗಿಯೇ ಎತ್ತಿಟ್ಟಿದ್ದೇನೆ. ನನ್ನ ಮಗಳ ಕಸುಬಿನಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತರೆ ಒಳಗೊಂದು ಕೆಂಪು ಗುಂಡಿಯಿರುತ್ತದೆ, ಒತ್ತಿದರೆ ಮನುಷ್ಯರು ಉತ್ತರಿಸುತ್ತಾರೆ, ಅನ್ನ ಬಿಟ್ಟು ಎದ್ದು ಓಡುತ್ತಾರೆ. ಒಳಗಿರುವವರ ತಾಳ್ಮೆಗೆ ಯಾರೂ ಧನ್ಯವಾದ ಹೇಳುವುದಿಲ್ಲ. ನಿಮ್ಮ ಅಂಗಡಿಯಲ್ಲಿ ಕೊಳ್ಳುವ ಗುಂಡಿ ಎಲ್ಲ ಗೋಡೆಗಳ ಮೇಲೂ ಇದೆ, ಸಿಕ್ಕಿಹಾಕಿಕೊಂಡವರು ಒತ್ತುವ ಗುಂಡಿ ಮಾತ್ರ ಎಲ್ಲೂ ಇಲ್ಲ. ಮರೆತಿರಾ? ನನಗೆ ನಂಬಿಕೆಯಿಲ್ಲ. ಜನರಿಂದ ತೆಗೆದುಕೊಳ್ಳುವುದನ್ನು ಮರೆಯದವರು ಕೊಡುವುದನ್ನು ಮಾತ್ರ ಅಪ್ಪಿತಪ್ಪಿ ಮರೆಯುವುದಿಲ್ಲ.

ನಮ್ಮ ಇಲಾಖೆಯಲ್ಲಿ ದುಡ್ಡು ತೆಗೆದುಕೊಂಡು ಟಿಕೆಟ್ ಕೊಡದ ಕಂಡಕ್ಟರನ್ನು ಚೆಕಿಂಗಿನವರು ಬಸ್ಸಿನಿಂದಲೇ ಇಳಿಸಿ ಕರೆದೊಯ್ಯುತ್ತಾರೆ, ಎಲ್ಲರ ಕಣ್ಣೆದುರಿಗೆ. ನನಗೊಂದು ಆಸೆಯಿದೆ. ನೀವು ಒಮ್ಮೆ ನನ್ನ ಬಸ್ಸು ಹತ್ತಬೇಕು. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ನಿಮ್ಮನ್ನು ಕೂರಿಸಿ, ದುಡ್ಡು ತೆಗೆದುಕೊಂಡು, ಟಿಕೆಟ್ ಪರಿಶೀಲನೆಯಲ್ಲಿದೆ ಎನ್ನುತ್ತೇನೆ. ಮುಂದಿನ ಸ್ಟಾಪಿನಲ್ಲಿ ಚೆಕಿಂಗಿನವರು ಹತ್ತುತ್ತಾರೆ. ನಾನು ದುಡ್ಡು ಕೊಟ್ಟಿದ್ದೇನೆ ಎಂದು ನೀವು ಎದ್ದು ನಿಂತು ಕೂಗುತ್ತೀರಿ, ಬೆವರು ಒರೆಸಿಕೊಳ್ಳುತ್ತೀರಿ, ನನ್ನ ಕಡೆ ಕೈ ತೋರಿಸುತ್ತೀರಿ. ನಾನು ಕಿಟಕಿಯ ಹೊರಗೆ ನೋಡುತ್ತಾ ನಿಮ್ಮ ತಾಳ್ಮೆಗೆ ಧನ್ಯವಾದ ಹೇಳುತ್ತೇನೆ. ರಾತ್ರಿ ನಿದ್ದೆ ಬಾರದಿದ್ದಾಗ ಇದನ್ನೇ ನೆನೆದುಕೊಳ್ಳುತ್ತೇನೆ, ಸುಖವಾಗಿ ನಿದ್ದೆ ಬರುತ್ತದೆ.

ಆದರೆ ಬೆಳಗಾಗುತ್ತದೆ. ನೀವು ಜಡಿದ ಬೀಗಕ್ಕೆ ಆ ಉಚಿತ ತುಣುಕೂ ಒಳಗೇ ಉಳಿದುಹೋಯಿತು. ಮಗಳು ಬೇರೆ ಅಂಗಡಿಯಿಂದ ಕಾರಿನ ಆಟ ತಂದಳು. ಯಾರನ್ನೂ ಹತ್ತಿಸಿಕೊಳ್ಳದ ಗಾಡಿ ಯಾರಿಗೆ ಬೇಕು ಎಂದು ನಮ್ಮವರು ಕೈಯಿಂದಲೂ ಮುಟ್ಟಲಿಲ್ಲ. ಬಿಡಿಸಿಕೊಂಡಿದ್ದ ಬೆರಳುಗಳು ಮತ್ತೆ ಮುದುಡಿಕೊಳ್ಳುತ್ತಿವೆ. ಮೊನ್ನೆ ಅಂಗಿಯ ಗುಂಡಿ ಹಾಕಲು ನನ್ನನ್ನು ಕರೆದರು. ಹೋದ ತಿಂಗಳು ತಾವೇ ಹಾಕಿಕೊಳ್ಳುತ್ತಿದ್ದರು. ನಾನು ಹಾಕಿದೆ, ಹಾಕುತ್ತಾ ನಿಮ್ಮನ್ನು ಮನಸಾರೆ ಶಪಿಸಿದೆ. ನೀವು ನುಂಗಿದ್ದು ದುಡ್ಡು ಎಂದುಕೊಂಡಿದ್ದೀರಿ. ನುಂಗಿದ್ದು ಈ ಮನುಷ್ಯನ ಕೈ.

ಈಗ ನನ್ನ ಬೇಡಿಕೆ. ಖಾತೆಯ ಬೀಗ ತೆಗೆಯಿರಿ. ಆಟ ಕೊಡಿ. ಎರಡನೆಯ ಸಲದ ದುಡ್ಡು ಯಾವಾಗ ಬೇಕಾದರೂ ಬರಲಿ, ಬಸ್ಸು ಮಾತ್ರ ಇವತ್ತೇ ಹೊರಡಬೇಕು. ಒಬ್ಬ ಮನುಷ್ಯ ಬರೆದ ಉತ್ತರ ಬರಬೇಕು, ತಾಳ್ಮೆ ಎಂಬ ಪದ ಅದರಲ್ಲಿ ಇರಕೂಡದು. ಗ್ರಾಹಕರ ನ್ಯಾಯಾಲಯಕ್ಕೆ ಹಾಕಿದ ಅರ್ಜಿಯ ಪ್ರತಿ ನಿಮಗೆ ತಲುಪಿರುತ್ತದೆ. ಇದಲ್ಲದೆ ಡಿಪೋ ಎದುರಿನ ಬೆಂಚಿನ ಮೇಲೆ ಕೂರುವ ನಮ್ಮ ನಿವೃತ್ತರೆಲ್ಲ ನಿಮ್ಮ ದೂರಿನ ಸಂಖ್ಯೆಗೆ ಸರದಿಯ ಮೇಲೆ ಫೋನು ಮಾಡಲು ಒಪ್ಪಿದ್ದಾರೆ. ಬೆಳಗಿನ ಶಿಫ್ಟು, ಮಧ್ಯಾಹ್ನದ ಶಿಫ್ಟು ಎಂದು ಹಂಚಿಕೊಂಡಿದ್ದೇವೆ. ಎಲ್ಲರಿಗೂ ಬೇಕಾದಷ್ಟು ಸಮಯವಿದೆ, ದೊಡ್ಡ ಗಂಟಲಿದೆ.

ಇನ್ನು ಮೂರು ಬೆಲ್‌ನ ವಿಷಯ. ಬಸ್ಸಿನೊಳಗೆ ಜೇಬುಗಳ್ಳನಿದ್ದಾನೆ ಎಂದು ನನಗೆ ಖಚಿತವಾದರೆ ಮೂರು ಹೊಡೆಯುತ್ತಿದ್ದೆ. ಆಗ ನಮ್ಮವರು ಹಿಂತಿರುಗಿ ನೋಡುತ್ತಿರಲಿಲ್ಲ, ಕಾರಣ ಕೇಳುತ್ತಿರಲಿಲ್ಲ. ಬಾಗಿಲು ಮುಚ್ಚಿ, ಯಾವ ಸ್ಟಾಪಿನಲ್ಲೂ ನಿಲ್ಲಿಸದೆ, ಯಾರು ಎಷ್ಟೇ ಬೊಬ್ಬೆ ಹಾಕಲಿ, ನೇರ ಪೊಲೀಸ್ ಠಾಣೆಯ ಮುಂದೆಯೇ ಬ್ರೇಕ್ ಹಾಕುತ್ತಿದ್ದರು. ಒಳಗಿದ್ದವನು ಒಬ್ಬನೂ ತಪ್ಪಿಸಿಕೊಂಡಿದ್ದಿಲ್ಲ.

ಈ ಪತ್ರವನ್ನು ಇಲ್ಲಿಯವರೆಗೆ ಅವರಿಗೆ ಓದಿ ಹೇಳಿದೆ. ಪರದೆ ಕಪ್ಪಗಿತ್ತು. ಅವರು ಅದರ ಮುಂದೆಯೇ ಕೂತು, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡರು.

“ಮೂರು ಹೊಡೆದ್ಯಾ?” ಎಂದರು.

“ಹೊಡೆದೆ ರೀ” ಎಂದೆ.

ಬಲಗೈಯ ಸಹಾಯವಿಲ್ಲದೆ, ನಡುಗುತ್ತಾ, ಎಡಗೈ ತಾನಾಗಿ ಎದ್ದು ಸ್ಟೀರಿಂಗ್ ಹಿಡಿಯಿತು.

ಇಂತಿ,
ಎರಡು ಸಲ ದುಡ್ಡು ಕೊಟ್ಟೂ ಟಿಕೆಟ್ ಸಿಗದ,
ನಿಮ್ಮನ್ನು ಬಾಗಿಲು ಮುಚ್ಚಿ ಕರೆದೊಯ್ಯುತ್ತಿರುವ,
ಒಬ್ಬ ನಿವೃತ್ತ ಕಂಡಕ್ಟರ್