ಮಷೀನಿಗೆ ಕುಂಕುಮ ಹಚ್ಚಿದ ಮೇಲೆ

ಬಸಣ್ಣ ಕಾಕಾ,

ಸಿಟ್ಟಿನಲ್ಲೇ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅರ್ಧಕ್ಕೆ ಬಂದ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿ ಹೋಗಿಬಿಡುವುದು ಯಾವ ನ್ಯಾಯ? ಶ್ರಾವಣದಲ್ಲಿ ಎದೆನೋವೆಂದು ಆಸ್ಪತ್ರೆ ಸೇರಿದಾಗ, "ಲಗೂನ ಬರ್ತೇನಿ, ನೀ ಕಾರ್ಡಿನ ಕೆಲಸ ನಿಂದರಸಬ್ಯಾಡ" ಎಂದಿರಿ. ನಾನು ನಿಲ್ಲಿಸಲಿಲ್ಲ. ನೀವು ಬರಲಿಲ್ಲ.

ಮುಂಬಯಿ ಕಚೇರಿಯಿಂದ ಹುಕುಂ ಬಂದ ದಿನ ನೆನಪಿದೆಯೆ? ಗಿರಣಿಯ ಪಗಾರದ ಲೆಕ್ಕವನ್ನೆಲ್ಲ ಇನ್ನು ಮಷೀನು ಮಾಡುತ್ತದೆ, ತೂತು ಹೊಡೆದ ಕಾರ್ಡುಗಳನ್ನು ಓದಿ ತಾನೇ ಕೂಡಿ ಕಳೆಯುತ್ತದೆ ಎಂದು ಬರೆದಿದ್ದರು. ಅದನ್ನು ಕಲಿತು ಬಂದವನು ನಾನೊಬ್ಬನೇ, ಹಾಗಾಗಿ ತಂದು ಕೂರಿಸಿ ನಡೆಸುವ ಹೊಣೆಯೂ ನನ್ನದೇ. ನೀವು ಪಗಾರ ವಿಭಾಗದ ಹೆಡ್ ಕ್ಲಾರ್ಕ್. ನಿಮ್ಮ ಕೈಕೆಳಗಿನ ಗುರಪ್ಪ ಎದ್ದು ನಿಂತು, "ಹಂಗಾರ ನಾವೆಲ್ಲಾ ಮನಿಗೆ ಹೋಗೂದೇನ್ರಿ?" ಎಂದು ಕೇಳಿದ. ನೀವು ಚಹಾದ ಕಪ್ಪು ಕೆಳಗಿಟ್ಟು, "ನಾ ಹೇಳಾಕತ್ತೇನಿ, ಒಬ್ಬರೂ ಮನಿಗೆ ಹೋಗೂದಿಲ್ಲ" ಎಂದಿರಿ. ಯಾರನ್ನು ಕೇಳಿ ಹೇಳಿದಿರಿ ಕಾಕಾ? ಯಾರನ್ನೂ ಕೇಳಿರಲಿಲ್ಲ! ಆ ಮಾತನ್ನು ನಂಬಿ ನಿಮ್ಮ ಗುಮಾಸ್ತರೆಲ್ಲ ಗಿರಣಿಯ ಒಬ್ಬೊಬ್ಬ ಆಳಿನ ಹೆಸರು, ಖಾತೆ, ಪಾಳಿ ಎಲ್ಲವನ್ನೂ ಕಾರ್ಡಿಗೆ ಇಳಿಸಿಕೊಟ್ಟರು. ತಮ್ಮ ಕೆಲಸವನ್ನು ತಾವೇ ಕಟ್ಟಿ ಮಷೀನಿನ ಕೈಗೆ ಕೊಟ್ಟರು.

ನಿಮ್ಮ ಇನ್ನೊಂದು ಹಟ ನೆನಪಾಗುತ್ತದೆ. "ಎರಡ ತಿಂಗಳು ಹಳೇ ಲೆಕ್ಕಾನೂ ನಡೀಲಿ, ಹೊಸಾದೂ ನಡೀಲಿ. ಎರಡೂ ತಾಳೆ ಆಗಲಿ, ಆಮ್ಯಾಲ ಕೈಲೆಕ್ಕ ಬಿಡೂಣು" ಎಂದು ಮೇಜು ಬಡಿದಿದ್ದಿರಿ. ನೀವು ಕಣ್ಣು ಮುಚ್ಚಿದ್ದೇ ತಡ, ಮುಂಬಯಿ ಸಾಹೇಬ ಅದಕ್ಕೆ ಕತ್ತರಿ ಹಾಕಿದ. ದಸರೆ ಮುಗಿದ ಮರುದಿನವೇ ಮಷೀನಿನ ಪಗಾರ ಶುರು, ಕೈಲೆಕ್ಕದವರಿಗೆ ಅಂದೇ ಕಾಯಂ ರಜೆ ಎಂದ. ಮಷೀನಿನ ಒಂದು ಭಾಗ ಇನ್ನೂ ಗೂಡ್ಸ್ ಶೆಡ್ಡಿನಲ್ಲೇ ಬಿದ್ದಿತ್ತು. ಅದನ್ನು ಬಿಡಿಸಿಕೊಳ್ಳಲು ಅಲೆದಲೆದು ನನ್ನ ಚಪ್ಪಲಿ ಸವೆಯಿತು. ಕರೆಂಟಿನವರು ಇವತ್ತು ನಾಳೆ ಎನ್ನುತ್ತ... ಹೋಗಲಿ ಬಿಡಿ, ನಿಮಗೆ ಗೊತ್ತಿಲ್ಲದ ಜನವೇ ಅವರು?

ಖಂಡೇಪೂಜೆಯ ದಿನ, ಊರೆಲ್ಲ ಆಯುಧಗಳಿಗೆ ಪೂಜೆ ಮಾಡುವಾಗ, ನಾನು ಸಪ್ತಾಪುರದ ನಮ್ಮ ಮನೆಯಲ್ಲಿ ಹೋಳಿಗೆ ಉಂಡು ಮಲಗಿದ್ದೆ. ಕಾರ್ಡುಗಳನ್ನೆಲ್ಲ ತೂತು ಹೊಡೆಸಿ, ಟ್ರೇಗಳಲ್ಲಿ ಸಾಲಾಗಿ ಇಡಿಸಿಯೇ ಬಂದಿದ್ದೆ. ಹಬ್ಬ ಮುಗಿಸಿ ಹೋಗಿ ನೋಡುತ್ತೇನೆ, ಮಷೀನಿಗೆ ಚೆಂಡುಹೂವಿನ ಮಾಲೆ! ಅದಾದರೂ ಸರಿ, ಟ್ರೇಟ್ರೇಗೂ ಅರಿಷಿಣ ಕುಂಕುಮ, ಮೇಲೆ ತೆಂಗಿನಕಾಯಿಯ ನೀರು. ಒರೆಸಲೂ ಪುರಸೊತ್ತಿಲ್ಲದಂತೆ ಮುಂಬಯಿ ಸಾಹೇಬ ಬಂದು ನಿಂತ, ಶುರು ಮಾಡು ಎಂದ. ಸ್ವಿಚ್ಚು ಒತ್ತಿದೆ. ಉಬ್ಬಿದ ಕಾರ್ಡುಗಳು ಒಂದರ ಮೇಲೊಂದು ಬಿದ್ದು ಸಿಕ್ಕಿಕೊಂಡವು, ಕುಂಕುಮ ಒಳಗೆಲ್ಲ ಉದುರಿತು, ಮಷೀನು ಕರಕರ ಎಂದು ನಿಂತೇಬಿಟ್ಟಿತು. ಗುರಪ್ಪನ ಮೇಲೆ ಹರಿಹಾಯ್ದೆ. ಅವನು ನನ್ನನ್ನೇ ಪಾಪ ಎಂಬಂತೆ ನೋಡಿದ. "ತಕ್ಕಡಿಗೆ ಹಚ್ಚತೇವಿ, ಮಗ್ಗಕ್ಕ ಹಚ್ಚತೇವಿ, ಬರಿಯೂ ಪೆನ್ನಿಗೂ ಹಚ್ಚತೇವಿ. ಇದಕ್ಕ ಒಂದಕ್ಕ ಬಿಟ್ರ ಹೆಂಗ್ರಿ? ಇನ್ನ ನಮ್ಮ ಅನ್ನ ಇದರ ಕೈಯಾಗ ಐತಲ್ಲ?" ಎಂದ. ಮಷೀನಿಗೆ ಎಲ್ಲರಿಗಿಂತ ಹೆಚ್ಚು ಹೆದರಿದವನೇ ಅದಕ್ಕೆ ಕೈಮುಗಿದಿದ್ದ. ಅಳು ಬಂತು, ಮೈ ಉರಿಯಿತು, ಎರಡೂ ಒಟ್ಟಿಗೆ.

ಆಮೇಲೆ ಗುರಪ್ಪನೂ ಅವನ ಜೊತೆಯವರೂ ಕೋಟು ಬಿಚ್ಚಿಟ್ಟು ಹಳೆಯ ರೀತಿಯಲ್ಲೇ ಲೆಕ್ಕಕ್ಕೆ ಕೂತರು. ಅತ್ತ ನಾನು ಹೊಸ ಕಾರ್ಡು ಹೊಡೆಸುತ್ತಿದ್ದೆ, ಇತ್ತ ಅವರ ಕೈಲೆಕ್ಕ ಓಡುತ್ತಿತ್ತು. ಪಗಾರದ ದಿನ ತಪ್ಪಲಿಲ್ಲ. ಮಷೀನು ದಾರಿಗೆ ಬರುವವರೆಗೆ ಅವರನ್ನು ಬಿಡುವಂತಿಲ್ಲ ಎಂದು ಸಾಹೇಬನೇ ಗೊಣಗುತ್ತ ಒಪ್ಪಿದ. ನೀವು ಮೇಜು ಬಡಿದು ಕೇಳಿದ ಜೋಡಿ ಲೆಕ್ಕ ಕೊನೆಗೂ ನಡೆಯಿತು, ಅದೂ ಕುಂಕುಮದ ದಯೆಯಿಂದ. ನನ್ನ ಫಜೀತಿ ನೋಡಿ: ಮಷೀನು ಕೆಟ್ಟರೆ ನನ್ನ ಮರ್ಯಾದೆ ಹೋಗುತ್ತದೆ, ಸರಿಯಾಗಿ ನಡೆದರೆ ನಿಮ್ಮ ಮಾತು ಹೋಗುತ್ತದೆ. ಅದು ದಿನದಿನಕ್ಕೆ ಚೆನ್ನಾಗಿ ನಡೆಯುತ್ತ ಹೋಯಿತು.

ಮೊನ್ನೆ ಸಾಹೇಬ ಮತ್ತೆ ಬಂದ. ಎರಡೂ ಲೆಕ್ಕ ತಾಳೆಯಾಗಿದ್ದವು. ಇನ್ನು ಇವರೇಕೆ ಎಂದು ಕೇಳಿದ. ಯಾರನ್ನೂ ಮನೆಗೆ ಕಳಿಸುವುದಿಲ್ಲವೆಂದು ಮಾತು ಕೊಟ್ಟಾಗಿದೆ, ಕಾರ್ಡು ಹೊಡೆಯುವುದನ್ನೂ ತಾಳೆ ನೋಡುವುದನ್ನೂ ಇವರಿಗೇ ಕಲಿಸುತ್ತೇನೆ ಎಂದೆ. ಅವನ ಮುಖ ಕೆಂಪಾಯಿತು. ಮಾತು ಕೊಟ್ಟವರು ಯಾರು ಎಂದ. ಗುರಪ್ಪ ಬಾಗಿಲ ಹತ್ತಿರವೇ ನಿಂತಿದ್ದ. ನಿಮ್ಮ ಹೆಸರು ನಾಲಿಗೆಯ ತುದಿಗೆ ಬಂದಿತ್ತು ಕಾಕಾ. ಹೇಳಿದ್ದರೆ ಏನಾಗುತ್ತಿತ್ತು? ಅವರು ಈಗಿಲ್ಲವಲ್ಲ ಎಂದು ಅಲ್ಲಿಗೇ ಮುಗಿಸುತ್ತಿದ್ದ.

"ನಾನೇ" ಎಂದೆ.

ಹಾಗಾದರೆ ನೀನೇ ಇಲ್ಲಿದ್ದು ಇವರನ್ನು ನಡೆಸು ಎಂದು ಸಾಹೇಬ ಹೊರಟುಹೋದ. ಮುಂಬಯಿಯಲ್ಲಿ ನನಗೆಂದು ಇಟ್ಟಿದ್ದ ದೊಡ್ಡ ಹುದ್ದೆ ಬೇರೆಯವರಿಗೆ ಹೋಯಿತು. ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳಲಾರೆ. ಆದರೆ ಸೋಮವಾರದಿಂದ ಗುರಪ್ಪನೂ ಉಳಿದವರೂ ಕಾರ್ಡು ಹೊಡೆಯಲು ಕೂತಿದ್ದಾರೆ, ಒಬ್ಬರೂ ಮನೆಗೆ ಹೋಗಿಲ್ಲ. ಇನ್ನು ಅದು ನಿಮ್ಮ ಮಾತಲ್ಲ ಕಾಕಾ, ನನ್ನದು. ನಾನು ಇರುವವರೆಗೆ ಅವರು ಇರುತ್ತಾರೆ.

ನಿಮ್ಮ ಮೇಲೆ ಇನ್ನೂ ಸಿಟ್ಟಿರುವ,
ರಾಘು