ಸ್ನಾನವಾಗದೆ ಮುಟ್ಟಬಾರದ ರವೆಉಂಡೆ

ಇವಳೇ,

ಹೆಸರು ಹಿಡಿದು ನಿನ್ನನ್ನು ಕರೆದವನಲ್ಲ ನಾನು. ಈಗ, ಅದೂ ನೀನು ಹೋದ ಮೇಲೆ, ಹೊಸದಾಗಿ ಸಾವಿತ್ರಿ ಅಂತ ಬರೆದರೆ ಯಾರೋ ದೂರದ ನೆಂಟರಿಗೆ ಬರೆದ ಹಾಗಿರುತ್ತದೆ.

ನನಗೆ ಸಕ್ಕರೆ ಕಾಯಿಲೆ ಅಂತ ಶಿವಮೊಗ್ಗದ ಡಾಕ್ಟರು ಹೇಳಿದ ದಿನ ನೆನಪಿದೆಯಾ? ನನ್ನ ಮೂತ್ರದ ನಾಲ್ಕು ತೊಟ್ಟು ಹಾಕಿ ಕಾಯಿಸಿದ್ದೇ ತಡ, ಗಾಜಿನ ನಳಿಗೆಯ ನೀಲಿ ಔಷಧಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. "ಬಾಯಿ ಕಟ್ಟಬೇಕು. ಇಲ್ಲದಿದ್ರೆ ಕಣ್ಣು, ಕಾಲು ಯಾವುದೂ ಉಳಿಯಲ್ಲ," ಅಂದರು. ಮನೆಗೆ ಹಿಂದಿರುಗಲು ಭದ್ರಾವತಿಯ ರೈಲು ಹತ್ತಿದೆವು. ಇಳಿಯುವಾಗ ನೀನು, "ನಿಮ್ಮ ಬಾಯಿ ನನಗೆ ಬಿಡಿ," ಅಂದೆ.

ಮಾರನೆಯ ದಿನವೇ, ಬಂದವರಿಗೆಂದು ಮಾಡಿಟ್ಟ ರವೆಉಂಡೆಯ ಡಬ್ಬಿ ಮಡಿಯ ಅಟ್ಟ ಸೇರಿತು. ಕಾರ್ಖಾನೆಯಿಂದ ಬಂದವನು ಸ್ನಾನ ಮಾಡದೆ ಅದನ್ನು ಮುಟ್ಟುವಂತಿಲ್ಲ. ಮಾಡಿದರೆ ಅರ್ಧ ಉಂಡೆ. ನನ್ನ ಸೋಮಾರಿತನ ನಿನಗೆ ಗೊತ್ತಿತ್ತಲ್ಲ. ಸಂಜೆ ಬಾವಿಯ ತಣ್ಣೀರು ಸುರಿದುಕೊಳ್ಳುವುದಕ್ಕಿಂತ ಹುರಿಗಡಲೆಯೇ ವಾಸಿ ಅಂತ ಕೂತುಬಿಡುತ್ತಿದ್ದೆ. ಒಂದು ಸಂಜೆ ತಡೆಯಲಾರದೆ ಕೊಡೆಯ ಹಿಡಿ ಸಿಕ್ಕಿಸಿ ಎಳೆದೆ, ಡಬ್ಬಿ ಬಿದ್ದು ಅಡುಗೆಮನೆ ತುಂಬ ಉಂಡೆ.

"ನಾನು ಮುಟ್ಟಿಲ್ಲ ಕಣೇ. ಕೊಡೆ ಮುಟ್ಟಿದ್ದು."

"ಹಾಗಾದ್ರೆ ಕೊಡೆಗೇ ಸ್ನಾನ ಮಾಡಿಸಿ. ಅದೇ ತಿನ್ಲಿ."

ಗಂಭೀರವಾಗಿ ಅಂದು, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನೀನು ನಕ್ಕಿದ್ದು...

ಕಾಯಿಲೆಯವನು ನಾನಿರಲು, ಜ್ವರ ಬಂದು ನೀನು ಮೊದಲು ಹೊರಟೆ. ನನ್ನ ಬಾಯಿ ಯಾರಿಗೆ ಬಿಟ್ಟು ಹೋದೆ? ನಿನ್ನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ರೈಲು ಹತ್ತಿದ ಸಂಜೆ ನೇರ ಅಡುಗೆಮನೆಗೆ ಹೋಗಿ, ಉಳಿದಿದ್ದ ಲಾಡು ಕೈಗೆ ತೆಗೆದುಕೊಂಡೆ. ಸ್ನಾನ ಆಯ್ತಾ ಅಂತ ಯಾರೂ ಕೇಳಲಿಲ್ಲ. ಲಾಡು ಅಲ್ಲೇ ಇಟ್ಟು ಬಾವಿಕಟ್ಟೆಗೆ ಹೋದೆ, ತಣ್ಣೀರು ಸುರಿದುಕೊಂಡೆ. ಬಂದ ಮೇಲೂ ತಿನ್ನಲಾಗಲಿಲ್ಲ. ಅರ್ಧ ಮುರಿದು ಕೊಡುವವಳು ಇಲ್ಲದಿದ್ದರೆ...

ಮೊನ್ನೆ ಪಕ್ಕದ ಮನೆಯ ಪೊನ್ನಮ್ಮ ಕಜ್ಜಾಯ ತಂದಿದ್ದಳು. ಒಂಟಿಯಾದವನು ಅಂತ ಓಣಿಯವರೆಲ್ಲ ನನಗೆ ಸಿಹಿ ತಿನ್ನಿಸುವುದೇ. ಆಸೆ ಹೋಗಿದೆ ಅಂದುಕೊಳ್ಳಬೇಡ, ಬೆಲ್ಲದ ವಾಸನೆಗೇ ಬಾಯಲ್ಲಿ ನೀರೂರಿತ್ತು.

"ತಿನ್ನಿ ಸಾಮಿ, ಒಂದೇ ಒಂದು."

"ಇನ್ನೂ ಸ್ನಾನ ಆಗಿಲ್ಲಮ್ಮ," ಅಂದೆ. ಆಗಿತ್ತು, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ನನ್ನ ಮುಖ ನೋಡಿ ತಟ್ಟೆ ತೆಗೆದುಕೊಂಡು ಹೋದಳು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ನಿನ್ನ ಹತ್ತಿರ ಮುಚ್ಚುಮರೆ ಯಾಕೆ?

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಈ ವಾರ ಶಿವಮೊಗ್ಗಕ್ಕೆ ಹೋಗಿದ್ದೆ. ಹಳೆಯ ಡಾಕ್ಟರಿಗೆ ವರ್ಗವಾಗಿದೆ. ಹೊಸಬರು ಚಿಕ್ಕ ವಯಸ್ಸಿನವರು, ನಮ್ಮ ಪರಿಚಯವಿಲ್ಲ. ಅವರು ಕಾಯಿಸಿ ನೋಡಿದರೆ ಔಷಧಿ ಬಣ್ಣ ಬದಲಿಸಲೇ ಇಲ್ಲ.

"ಭೇಷ್ ಕಣ್ರೀ. ಮನೇಲಿ ನಿಮ್ಮನ್ನ ಇಷ್ಟು ಹದ್ದುಬಸ್ತಲ್ಲಿ ಇಟ್ಟಿರೋರು ಯಾರು?"

"ನಮ್ಮನೆಯವಳು," ಅಂದೆ.

"ಪುಣ್ಯವಂತರು. ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ."

ಹೂಂ ಅಂದು ಬಂದುಬಿಟ್ಟೆ. ಅವರನ್ನು ತಿದ್ದಲಿಲ್ಲ, ಮುಂದೆಯೂ ತಿದ್ದುವುದಿಲ್ಲ. ನೀನು ಬದುಕಿದ್ದೀಯ ಅಂದುಕೊಂಡಿರುವವರು ಈ ಲೋಕದಲ್ಲಿ ಅವರೊಬ್ಬರೇ.