ದೋಣಿ ಒಣಗಿಸಿದವನು ನಾನು

ಕೆರೆಯ ಮೇಲ್ವಿಚಾರಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ತಮ್ಮ ಬಿಳಿ ಪ್ಯಾಂಟನ್ನು ಕೆರೆಯ ಕೆಸರಿನಲ್ಲಿ ಅದ್ದಿದ ಅಪರಾಧಿ ನಾನು. ಆದರೆ ಶಿಕ್ಷೆ ಬಿದ್ದಿರುವುದು ದೋಣಿಮನೆಯ ಕಾವಲುಗಾರ ಪೆರುಮಾಳ್ ಅವರಿಗೆ. ಇಪ್ಪತ್ತೆರಡು ವರ್ಷದ ಕೆಲಸ, ಅದರ ಜೊತೆಗೆ ಮಲಗುತ್ತಿದ್ದ ಕೋಣೆ, ಎರಡೂ ತಮ್ಮ ಒಂದೇ ಆದೇಶದಲ್ಲಿ ಹೋದವು. ಇದೆಂಥಾ ನ್ಯಾಯ ಸ್ವಾಮಿ?

ನಡೆದದ್ದನ್ನು ಹೇಳುತ್ತೇನೆ, ತಾವು ನಗಬಹುದು. ಸಮುದ್ರ ನೋಡಬೇಕೆಂದರೆ ಬಂಗಾರಪೇಟೆಯಲ್ಲಿ ಮದ್ರಾಸಿನ ರೈಲು ಹತ್ತಬೇಕಾದ ನಾವು, ಬ್ರಿಟಿಷರು ಕೆರೆಯಂಚಿನಲ್ಲಿ ಬಿಟ್ಟುಹೋದ ಹಳೆಯ ದೋಣಿಮನೆಯಲ್ಲಿ ಶನಿವಾರ, ಭಾನುವಾರ ‘ನೌಕಾ ಪರಂಪರೆ ಉತ್ಸವ’ ಮಾಡಲು ಹೊರಟೆವು. ಸಮಿತಿಗೆ ನಾನು ಅಧ್ಯಕ್ಷ. ಅರ್ಹತೆ? ನಂದಿದುರ್ಗ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ಪಂಪು ಓಡಿಸಿದ್ದೆ. ನೀರಿನ ವಿಷಯ ನನಗಲ್ಲದೆ ಇನ್ನಾರಿಗೆ ಗೊತ್ತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಿಜಕ್ಕೂ ಗೊತ್ತಿದ್ದದ್ದು ಒಂದೇ, ನೀರು ಕಂಡರೆ ಎತ್ತಿ ಹೊರಗೆ ಹಾಕುವುದು.

ದೋಣಿಮನೆಯೊಳಗೆ ನೀರಲ್ಲೇ ನಿಂತಿದ್ದ ಮರದ ದೋಣಿಯನ್ನು ಕಂಡು ನನ್ನ ಕೈ ಸುಮ್ಮನಿರಲಿಲ್ಲ. ದಡಕ್ಕೆ ಎಳೆಸಿ, ಏಪ್ರಿಲ್ ಬಿಸಿಲಿನಲ್ಲಿ ಒಂದು ತಿಂಗಳು ಕವುಚಿ ಹಾಕಿ ಹಪ್ಪಳದ ಹಾಗೆ ಒಣಗಿಸಿದೆ. ಮೇಲೆ ನೀಲಿ ಬಣ್ಣ ಬೇರೆ. ಪೆರುಮಾಳ್ ಬಂದು, “ಸಾಮೀ, ಅಲಗೆ ಒಣಗಿದ್ರೆ ಸಂದು ಬಿಟ್ಕಂತದೆ. ಒಂದ್ ವಾರ ನೀರಾಗೆ ಮುಳುಗ್ಸಿಡಿ, ಮರ ಊದ್ಕಂಡು ಸಂದು ಮುಚ್ಕಂತದೆ” ಎಂದರು. ನಾನು ಸಮಿತಿಯವರೆಲ್ಲರ ಎದುರು ಹೊಟ್ಟೆ ಹಿಡಿದುಕೊಂಡು ನಕ್ಕೆ. “ಏನ್ ಪೆರುಮಾಳೂ, ಮುಳುಗಬಾರ್ದು ಅಂತ ಮುಳುಗ್ಸೋದಾ? ಗಣಿಯಾಗೆ ಇಂಗೆ ಮಾಡಿದ್ದಿದ್ರೆ ಒಬ್ರೂ ಮೇಲಕ್ ಬತ್ತಿರ್ಲಿಲ್ಲ!” ಅವರು ಬೀಡಿ ಹಚ್ಚಿಕೊಂಡು ಹೋದರು.

ಮುಂದಿನದು ತಮಗೆ ಗೊತ್ತು. ಉದ್ಘಾಟಕರು ತಾವು, ಪಕ್ಕದಲ್ಲಿ ಹಾರ ಹಾಕಿಕೊಂಡ ನಾನು. ಸಮಿತಿಯವರು ದಡದಿಂದ ನೂಕಿದ ದೋಣಿ ಹತ್ತು ಮಾರು ಹೋಗುವಷ್ಟರಲ್ಲಿ ಒಳಗೆ ನೀರು ಮೊಣಕಾಲಿಗೆ ಬಂತು, ದೋಣಿ ತಳ ಸೇರಿತು. ಸೊಂಟದುದ್ದದ ನೀರಿನಲ್ಲಿ “ಅಯ್ಯಯ್ಯೋ ಸತ್ತೆ” ಎಂದು ಕೂಗಿದ್ದು ತಾವಲ್ಲ, ನಾನೇ. ಬೇಕಾದರೆ ಕಡತದಲ್ಲಿ ದಾಖಲಿಸಿಕೊಳ್ಳಿ. ನೀರಿಗಿಳಿದು ಇಬ್ಬರನ್ನೂ ಕೈಹಿಡಿದು ದಡಕ್ಕೆ ತಂದವರು ಪೆರುಮಾಳ್. ನನ್ನ ಹೆಂಡತಿ ಓಬಳಮ್ಮ ಎಲ್ಲರೆದುರಿಗೆ, “ಅದೇನ್ ಮೂವತ್ತೊರ್ಸ ನೀರೆತ್ತಿದ್ರೋ, ಎಲ್ಡು ಬೊಗಸೆ ಎತ್ತಾಕಕ್ ಆಗ್ಲಿಲ್ವಲ್ಲ!” ಎಂದಳು. ಊರು ಇನ್ನೂ ನಗುತ್ತಿದೆ. ನಗಲಿ, ಅದು ನಾನೇ ಸಂಪಾದಿಸಿದ್ದು.

ಆದರೆ ಆದೇಶದಲ್ಲಿ ‘ಕಾವಲುಗಾರನ ನಿರ್ಲಕ್ಷ್ಯ’ ಎಂದು ಓದಿದಾಗ ಮೈ ಉರಿಯಿತು. ವಿಚಾರಣೆ ಮಾಡಿದ್ದು ಯಾರು? ನನ್ನನ್ನೇಕೆ ಕರೆಯಲಿಲ್ಲ? ಹಾರ ಹಾಕಿಕೊಂಡವನು ತಪ್ಪು ಮಾಡುವುದಿಲ್ಲವೆಂಬ ನಿಯಮವೇನಾದರೂ ತಮ್ಮ ಕಚೇರಿಯಲ್ಲಿದೆಯೇ?

ನಿನ್ನೆ ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಮಗಳ ಮನೆ ಬಾಗಿಲಲ್ಲಿ ಕೂತಿದ್ದ ಪೆರುಮಾಳ್ ಅವರನ್ನು ಕಂಡು ಕ್ಷಮೆ ಕೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಕೆಲಸದ ಮಾತೇ ಆಡಲಿಲ್ಲ. “ದೋಣಿ ಇನ್ನೂ ನೀರಾಗೇ ಐತಾ ಸಾಮೀ? ಇಷ್ಟೊತ್ಗೆ ಸಂದು ಮುಚ್ಕಂಡಿರ್ತದೆ, ನೋಡಿ” ಎಂದರು.

ಇವತ್ತು ಬೆಳಿಗ್ಗೆ ನಾಲ್ಕು ಜನ ಇಳಿದು ದೋಣಿ ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಸಿದೆವು. ಒಂದು ಹನಿ ಒಳಗೆ ಬರುತ್ತಿಲ್ಲ. ಅದನ್ನು ನಡೆಸಲು ನಮ್ಮಲ್ಲಿ ಒಬ್ಬನಿಗೂ ಬರುವುದಿಲ್ಲ.

ಆದೇಶ ಹಿಂತೆಗೆದುಕೊಳ್ಳಿ. ಬೀಗದಕೈಯನ್ನು ಪೆರುಮಾಳ್ ಅವರ ಕೈಗೇ ಕೊಡಿ. ನಿರ್ಲಕ್ಷ್ಯದ ಮುಂದೆ ಯಾರದಾದರೂ ಹೆಸರು ಇರಲೇಬೇಕೆಂದರೆ, ಕೆಳಗೆ ಬರೆದಿದ್ದೇನೆ.

ಇಂತಿ,
ಹೇಳಿದ್ದನ್ನು ಕೇಳದೆ ನಕ್ಕವನು,
ಆದಿನಾರಾಯಣ
ಮಾಜಿ ಪಂಪ್ ಡ್ರೈವರ್, ಈಗ ಮಾಜಿ ಅಧ್ಯಕ್ಷ
ಜೂನ್ ೧೯೮೪